ಡಬ್ಲಿನ್‌ನಲ್ಲಿ ಓದಿ ಬಂದರೆ ಗದಗಿನ ಹಳ್ಳಿಗಳಲ್ಲಿ ಅದು ಕೆಲಸಕ್ಕೆ ಬರುತ್ತದೆಯೇ?

ಧಾರವಾಡದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸುತ್ತಿರುವ ನೀವು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ಹೋಗಿ ಮಹಿಳೆಯರ ಸಂತಾನೋತ್ಪತ್ತಿ ಹಕ್ಕುಗಳ ಬಗ್ಗೆ ಒಂದು ವರ್ಷ ಓದಬೇಕೆಂದಿದ್ದೀರಿ. ಅಲ್ಲಿನ ಚಳವಳಿಯಿಂದ ಕಲಿತದ್ದು ನಮ್ಮ ಕಡೆ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ನಾನು ಗದಗಿನವಳು. 2017ರಿಂದ ಒಂದು ವರ್ಷ ಅದೇ ಊರಿನಲ್ಲಿ ಓದಿದೆ, ಈಗ ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕೆಲಸ ಮಾಡುತ್ತಿದ್ದೇನೆ. ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ನಾನು ಹೋದ ಹಾಗೆ ನಮ್ಮ ಕಾನೂನನ್ನೇ ತಿಳಿಯದೆ ನೀವು ಹೋಗಬೇಡಿ.

ನಾನು ಹೋದ ವರ್ಷ ಐರ್ಲೆಂಡ್, ಗರ್ಭಪಾತಕ್ಕೆ ಅಡ್ಡಿಯಾಗಿದ್ದ ತಿದ್ದುಪಡಿಯನ್ನು ತೆಗೆಯಬೇಕೇ ಎಂಬ ಜನಮತಗಣನೆಗೆ ಸಿದ್ಧವಾಗುತ್ತಿತ್ತು. 1983ರಲ್ಲಿ ಅಲ್ಲಿನ ಸಂವಿಧಾನಕ್ಕೆ ಸೇರಿದ ಎಂಟನೆಯ ತಿದ್ದುಪಡಿ ಗರ್ಭದಲ್ಲಿನ ಜೀವಕ್ಕೂ ತಾಯಿಗೂ ಬದುಕುವ ಸಮಾನ ಹಕ್ಕು ಕೊಟ್ಟಿತ್ತು; ಹೀಗಾಗಿ ಗರ್ಭಪಾತ ಬೇಕಾದವರು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡದ್ದು ಈ ಕಾನೂನು ಇದ್ದ ಕಾಲದಲ್ಲಿ. ಅವರಿಗೆ ಆಗ 31 ವರ್ಷ, 17 ವಾರಗಳ ಬಸಿರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ತೆಗೆಯಿರಿ ಎಂದು ಕೇಳಿಕೊಂಡರೂ ಭ್ರೂಣದ ಹೃದಯ ಬಡಿಯುತ್ತಿರುವವರೆಗೆ ಆಗದು ಎಂದರು. ಕೊನೆಗೆ ನಂಜು ರಕ್ತಕ್ಕೇರಿ ಅವರ ಜೀವ ಹೋಯಿತು.

ಜನಮತಗಣನೆಯಲ್ಲಿ ಮತ ಹಾಕುವ ಹಕ್ಕು ಐರಿಶ್ ನಾಗರಿಕರಿಗೆ ಮಾತ್ರ ಇತ್ತು, ಮನೆಮನೆಗೆ ಹೋಗಿ ಮಾತಾಡಲು ಅಡ್ಡಿ ಇರಲಿಲ್ಲ. ಸಹಪಾಠಿಗಳ ಜೊತೆ ನಾನೂ ಹೊರಟೆ. ಮೊದಲ ಸಂಜೆಯೇ ನಮ್ಮ ಗುಂಪಿನ ಹಿರಿಯರಾದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ‘ಆ ಹುಡುಗಿಯ ಹೆಸರನ್ನು ನಾವು ಇಷ್ಟು ವರ್ಷ ತಪ್ಪಾಗಿ ಹೇಳುತ್ತಿರಬಹುದು, ಸರಿಯಾಗಿ ಹೇಳಿಕೊಡು’ ಎಂದರು. ಹಾಲಪ್ಪನ ಮನೆತನದವರು ಎಂದು ಅದರ ಅರ್ಥ, ಗದಗ, ಹಾವೇರಿ, ಹುಬ್ಬಳ್ಳಿಗಳಲ್ಲಿ ಅಂಗಡಿ ಬೋರ್ಡುಗಳ ಮೇಲೆ ‘ನವರ’ ಎಂದು ಮುಗಿಯುವ ಇಂಥ ಅಡ್ಡಹೆಸರುಗಳನ್ನು ನಾವು ದಿನವೂ ನೋಡುತ್ತೇವೆ ಎಂದು ಹೇಳಿದೆ. ಜಿಟಿಜಿಟಿ ಮಳೆಯಲ್ಲಿ, ಒಂದು ಬೀದಿದೀಪದ ಕೆಳಗೆ ನಿಂತು ಎಂಟು ಜನ ಹೆಂಗಸರು ‘ಹಾಲಪ್ಪನವರ’ ಎಂದು ನಾಲಿಗೆ ಹೊರಳುವವರೆಗೆ ಹೇಳಿಕೊಂಡರು, ಆಮೇಲೆಯೇ ಮೊದಲ ಮನೆಯ ಬಾಗಿಲು ಬಡಿದೆವು.

ಬಾಗಿಲಲ್ಲಿ ಅವರು ವಾದ ಮಾಡುತ್ತಿರಲಿಲ್ಲ. ‘ಈ ವಿಷಯದಲ್ಲಿ ನಿಮಗೆ ಏನನ್ನಿಸುತ್ತದೆ?’ ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದರು. ಪಾತ್ರೆ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ಬಾಗಿಲು ತೆರೆದ ಅಜ್ಜಿಯೊಬ್ಬರು ತಾವು ಹರೆಯದಲ್ಲಿ ಇಂಗ್ಲೆಂಡಿಗೆ ಹೋಗಿ ಬಂದದ್ದನ್ನು ಹೇಳಿ, ‘ಇದನ್ನು ನನ್ನ ಮಗಳಿಗೂ ಹೇಳಿಲ್ಲ’ ಎಂದರು. ಓದಿದ ಪಠ್ಯಗಳೆಲ್ಲ ಮರೆತರೂ ಕೇಳಿ ಸುಮ್ಮನಿರುವ ಆ ಪದ್ಧತಿಯನ್ನು ನಾನು ಬಿಟ್ಟಿಲ್ಲ.

ಆ ಸಂಜೆ ವಾಪಸು ಬರುವಾಗ ಆ ಶಿಕ್ಷಕಿ ‘ನಿಮ್ಮ ದೇಶದಲ್ಲಿ ಹೇಗೆ?’ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮಲ್ಲಿ 1971ರಲ್ಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದಿದೆ ಎಂದು ಆ ರಾತ್ರಿ ಕೋಣೆಗೆ ಹೋಗಿ ಓದಿದಾಗ ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ.

2018ರ ಮೇ 25ರಂದು ಮತ ಹಾಕಿದವರಲ್ಲಿ ಶೇ. 66.4ರಷ್ಟು ಜನ ಆ ತಿದ್ದುಪಡಿ ತೆಗೆಯಲು ಒಪ್ಪಿದರು, 2019ರ ಜನವರಿಯಿಂದ ಆ ದೇಶದಲ್ಲೇ ಗರ್ಭಪಾತದ ಸೇವೆ ಆರಂಭವಾಯಿತು. ಈಗ ಅಲ್ಲಿ 12 ವಾರಗಳವರೆಗೆ ಕಾರಣ ಕೇಳುವುದಿಲ್ಲ, ಮೂರು ದಿನ ಕಾಯಿಸುತ್ತಾರೆ. ನಮ್ಮ ಕಾಯ್ದೆಯಲ್ಲಿ ಕಾಯಿಸುವುದಿಲ್ಲ, ಆದರೆ ತೀರ್ಮಾನ ವೈದ್ಯರ ಅಭಿಪ್ರಾಯದ ಮೇಲೆ ನಿಂತಿದೆ. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರದು ಬೇಕು. ಆ ವರ್ಗಗಳಿಂದ ಅವಿವಾಹಿತರನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಹಕ್ಕು ಹೆಣ್ಣಿನದೋ ವೈದ್ಯರದೋ ಎಂಬ ಪ್ರಶ್ನೆಯನ್ನು ನಾವಿನ್ನೂ ಪೂರ್ತಿ ಬಗೆಹರಿಸಿಕೊಂಡಿಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಹೆಣ್ಣುಮಕ್ಕಳು ತಡೆದು ನಿಲ್ಲುವುದು ಆಸ್ಪತ್ರೆಯ ಮೇಜಿನ ಮುಂದೆ. ಗರ್ಭಪಾತ ಮಾಡಿಸಿಕೊಳ್ಳಬೇಕಿದ್ದ ಮೂರು ಮಕ್ಕಳ ತಾಯಿಯೊಬ್ಬರ ಜೊತೆ ನಾನು ಒಂದು ಆಸ್ಪತ್ರೆಗೆ ಹೋಗಿದ್ದೆ. ಗಂಡ ಗೋವಾಕ್ಕೆ ದುಡಿಯಲು ಹೋಗಿದ್ದರು. ‘ಮನೆಯವ್ರ ಸಹಿ ಇಲ್ಲದ ನಾವು ಮಾಡೂದಿಲ್ರೀ’ ಎಂದು ಅಲ್ಲಿನ ಸಿಬ್ಬಂದಿ ಕಾಗದ ಹಿಂದಿರುಗಿಸಿದರು. ನಿಯಮದ ಪ್ರಕಾರ ಒಪ್ಪಿಗೆಯ ನಮೂನೆ ‘ಸಿ’ಗೆ 18 ತುಂಬಿದ ಮಹಿಳೆಯ ಸಹಿಯೊಂದೇ ಸಾಕು; ಪೋಷಕರ ಸಹಿ ಬೇಕಾಗುವುದು ಅಪ್ರಾಪ್ತರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಮಾತ್ರ. ನಮೂನೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ‘ಗಂಡನ ಸಹಿ ಎಲ್ಲೈತಿ ತೋರಸ್ರಿ’ ಎಂದೆ. ಅವರು ಎರಡು ಸಲ ಓದಿದರು, ಒಳಗೆ ಹೋಗಿ ಬಂದರು, ಆಮೇಲೆ ಪೆನ್ನನ್ನು ಆ ತಾಯಿಯ ಕಡೆ ಸರಿಸಿದರು.

ಗರ್ಭಪಾತವೊಂದೇ ವಿಷಯ ಎಂದುಕೊಂಡೂ ಹೋಗಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿವಾಹಿತ ದಂಪತಿಗಳ ಪೈಕಿ ಹೆಂಡತಿ ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಂಡಿರುವುದು ಶೇ. 37.9, ಗಂಡ ಮಾಡಿಸಿಕೊಂಡಿರುವುದು ಶೇ. 0.3. ಬಿಳಿಮುಟ್ಟು, ಹೊಟ್ಟೆನೋವು ಎಂದು ಹೋದವರು ಗರ್ಭಚೀಲ ತೆಗೆಸಿಕೊಂಡು ಬರುವುದನ್ನು ನಾನು ಹಳ್ಳಿಗಳಲ್ಲಿ ಕಂಡಿದ್ದೇನೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಇವೂ ನೀವು ಓದಲಿರುವ ಹಕ್ಕಿನೊಳಗೇ ಬರುತ್ತವೆ. (ಅಂದಹಾಗೆ, ‘ಸಂತಾನೋತ್ಪತ್ತಿ ಹಕ್ಕು’ ಎಂಬ ಮಾತು ಸಭೆಯಲ್ಲಿ ಯಾರಿಗೂ ತಟ್ಟುವುದಿಲ್ಲ. ‘ಬಸಿರು ಬೇಕೋ ಬ್ಯಾಡೋ ಅನ್ನೂದು ಯಾರ ಮಾತು?’ ಎಂದು ಕೇಳಿದರೆ ಹಿಂದೆ ಕುಳಿತವರೂ ಮುಂದೆ ಬರುತ್ತಾರೆ.)

ಹೊರಡುವ ಮುನ್ನ ಸಮಯವಿದ್ದರೆ, ನಿಮ್ಮ ಊರಿನ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿ ಲಸಿಕೆ ಹಾಕುವ ಗುರುವಾರಗಳಂದು, ಅಲ್ಲಿನ ಸಿಸ್ಟರ್ ಒಪ್ಪಿಗೆ ಪಡೆದು ಕುಳಿತುಕೊಳ್ಳಿ. ಪ್ರಶ್ನೆ ಕೇಳಬೇಡಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸರದಿಗೆ ಕಾಯುವ ತಾಯಂದಿರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತುಗಳನ್ನು, ಹೆಸರು ಬಿಟ್ಟು, ಮನೆಗೆ ಬಂದು ಬರೆದಿಡಿ. ಡಬ್ಲಿನ್‌ಗೆ ಒಯ್ಯುವ ಪುಸ್ತಕಗಳಲ್ಲಿ ಆ ನೋಟ್‌ಬುಕ್ ಕೂಡ ಇರಲಿ.