ಗಿಟಾರ್ ಕೈಗೆ ಡಲ್ಸಿಮರ್ ಒಗ್ಗುತ್ತಾ?

ಪ್ರಶ್ನೆ: ಕೆಲವು ವರ್ಷಗಳಿಂದ ಗಿಟಾರ್ ನುಡಿಸುತ್ತೇನೆ. ಅಮೆರಿಕದ ಮೌಂಟನ್ ಡಲ್ಸಿಮರ್ ಕೇಳಿ ಮನಸೋತಿದ್ದೇನೆ. ಆನ್‌ಲೈನ್‌ನಲ್ಲಿ ಹಳೆಯದೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಬಹುದಾ? ಗಿಟಾರ್ ಬರುವವರಿಗೆ ಸುಲಭವಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಗೊಳ್ಳಿ. ಆದರೆ ಮೊದಲು ಫೋಟೋ ಸರಿಯಾಗಿ ನೋಡಿ. ಡಲ್ಸಿಮರ್ ಅಂತ ಹುಡುಕಿದರೆ ಸಂತೂರ್ ತರ ಕೋಲಿನಿಂದ ಬಾರಿಸುವ ಬೇರೆ ವಾದ್ಯವೂ ಬರುತ್ತದೆ. ನಿಮಗೆ ಬೇಕಾದ್ದು ಅಪಲೇಚಿಯನ್ ಬೆಟ್ಟದ ಸೀಮೆಯದು: ಉದ್ದನೆಯ ಪೆಟ್ಟಿಗೆ, ಮೂರೋ ನಾಲ್ಕೋ ತಂತಿ, ತೊಡೆ ಮೇಲೆ ಅಡ್ಡ ಇಟ್ಟು ನುಡಿಸುವುದು.

ಅಗ್ಗದ ವಾದ್ಯದಲ್ಲಿ ಪ್ಲೈವುಡ್ ಇದ್ದರೆ ಚಿಂತೆ ಬೇಡ. ಚಿಂತೆ ಮಾಡಬೇಕಾದ್ದು ಬೆರಳೊತ್ತುವ ಜಾಗದ ಅಡ್ಡ ಪಟ್ಟಿಗಳಾದ ಫ್ರೆಟ್‌ಗಳ ಬಗ್ಗೆ. ಮಾರುವವರಿಂದ ಒಂದು ಸಣ್ಣ ವಿಡಿಯೋ ಕೇಳಿ. ಏಳನೇ ಫ್ರೆಟ್ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಹಾರ್ಮೋನಿಕ್ ತೆಗೆಯಲಿ, ಆಮೇಲೆ ಅದೇ ಜಾಗ ಒತ್ತಿ ಮೀಟಲಿ. ಎರಡೂ ಒಂದೇ ಸ್ವರ ಬರಬೇಕು. ಒತ್ತಿದಾಗ ಸ್ವರ ಏರಿದರೆ ತಂತಿ ಎತ್ತರದಲ್ಲಿದೆ, ಇಲ್ಲವೇ ತಂತಿ ಆನುವ ಬ್ರಿಜ್ ಜಾಗ ತಪ್ಪಿದೆ. ಎತ್ತರ ಇದ್ದರೆ ನಟ್ (ಕೀಲಿಯ ಕಡೆ ತಂತಿ ಆನುವ ಪಟ್ಟಿ) ಮತ್ತು ಬ್ರಿಜ್ ಉಜ್ಜಿ ಇಳಿಸಬಹುದು. ಫ್ರೆಟ್‌ಗಳನ್ನೇ ತಪ್ಪು ಜಾಗದಲ್ಲಿ ಕೂರಿಸಿದ್ದರೆ ಮಾತ್ರ ಬಿಟ್ಟುಬಿಡಿ, ಎಷ್ಟೇ ಅಗ್ಗ ಇರಲಿ. ಮರದ ಬಿರಡೆಗಿಂತ ಗಿಟಾರಿನಂಥ ಗೇರ್ ಕೀಲಿ ವಾಸಿ. ಧಾರವಾಡದ ಕಡೆ ಮಳೆಗಾಲದಲ್ಲಿ ಮರದ ಬಿರಡೆ ಉಬ್ಬಿ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ತಂಬೂರಿ ಇರುವ ಮನೆಯವರನ್ನು ಕೇಳಿ ನೋಡಿ!

ಇನ್ನು ನುಡಿಸುವುದು. ಗಿಟಾರಿನಲ್ಲಿ ಹನ್ನೆರಡೂ ಸ್ವರಸ್ಥಾನಕ್ಕೆ ಫ್ರೆಟ್ ಇದೆ, ಇಲ್ಲಿ ಇಲ್ಲ. ಆದ್ದರಿಂದ ಫ್ರೆಟ್‌ಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ತರ. ಮೊದಮೊದಲು ಬೆರಳು ತಡವರಿಸುತ್ತವೆ. ಶ್ರುತಿಯನ್ನು ಡಿ-ಎ-ಡಿ ಮಾಡಿಕೊಳ್ಳಿ: ಗಿಟಾರಿನ ನಾಲ್ಕನೇ ತಂತಿ, ಮೂರನೇ ತಂತಿಯ ಎರಡನೇ ಫ್ರೆಟ್, ಎರಡನೇ ತಂತಿಯ ಮೂರನೇ ಫ್ರೆಟ್. ಅಂದರೆ ಸಾ, ಪ, ಮೇಲಿನ ಸಾ. ದಪ್ಪ ತಂತಿ ಆಚೆ, ರಾಗದ ತಂತಿ ನಿಮ್ಮ ಹೊಟ್ಟೆಯ ಕಡೆ. ರಾಗದ ತಂತಿಯನ್ನಷ್ಟೇ ಒತ್ತಿ ಮೂರನ್ನೂ ಮೀಟಿದರೆ ಉಳಿದೆರಡು ತಂಬೂರಿಯ ಕೆಲಸ ಮಾಡುತ್ತವೆ. ಕಾರ್ಡ್‌ ಹುಡುಕುವ ಗಿಟಾರ್ ಚಟವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಅನ್ನುವುದು ಇದಕ್ಕೇ.

ಖಾಲಿ ತಂತಿಯಿಂದ ಏಳನೇ ಫ್ರೆಟ್‌ವರೆಗೆ ಒಂದೊಂದಾಗಿ ಏರಿದರೆ ನಿಷಾದ ಕೋಮಲ, ಅಂದರೆ ಹಿಂದೂಸ್ತಾನಿಯ ಖಮಾಜ್ ಥಾಟ್ (ಸ್ವರಗಳ ಮೇಳ). ಈಗಿನ ಬಹಳಷ್ಟು ವಾದ್ಯಗಳಲ್ಲಿ ಆರು ಮತ್ತು ಏಳರ ಮಧ್ಯೆ ‘ಆರೂವರೆ’ ಫ್ರೆಟ್ ಇರುತ್ತದೆ. ಶುದ್ಧ ನಿ ಅಲ್ಲಿದೆ, ಬಿಲಾವಲ್ ಆಗುತ್ತದೆ. ಅದು ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. ಭೂಪ್ ರಾಗ ನುಡಿಸಲು 0 (ಖಾಲಿ ತಂತಿ), 1, 2, 4, 5, 7ನೇ ಫ್ರೆಟ್ ಸಾಕು. ಯಮನ್ ಮಾತ್ರ ಈ ಶ್ರುತಿಯಲ್ಲಿ ಆಗಲ್ಲ, ರಾಗದ ತಂತಿಯಲ್ಲಿ ತೀವ್ರ ಮಧ್ಯಮಕ್ಕೆ ಫ್ರೆಟ್ಟೇ ಇಲ್ಲ.

ಕಾರ್ಡ್‌ ಬೇಕೇ ಬೇಕೆಂದರೆ, ದಪ್ಪ ತಂತಿಯಿಂದ ಎಣಿಸಿ: ಡಿ ಮೇಜರ್‌ಗೆ 0-0-2, ಜಿ ಮೇಜರ್‌ಗೆ 0-1-3.

ನಿಮ್ಮ ಗಿಟಾರ್ ಕೇಪೋ (ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಇದಕ್ಕೆ ಆಗದು, ಫಿಂಗರ್‌ಬೋರ್ಡ್ ಪೆಟ್ಟಿಗೆಗೇ ಅಂಟಿರುತ್ತದೆ. ತಂತಿ ಹುಬ್ಬಳ್ಳಿಯ ಗಿಟಾರ್ ಅಂಗಡಿಯದೇ ನಡೆಯುತ್ತದೆ. ತುದಿಗೆ ಕುಣಿಕೆಯ ತಂತಿ ಬೇಕಾದ ವಾದ್ಯವಾದರೆ ಗಿಟಾರ್ ತಂತಿಯ ಗುಂಡನ್ನು ತೆಗೆದುಬಿಡಿ, ಕುಣಿಕೆ ಉಳಿಯುತ್ತದೆ. ನಾಲ್ಕು ತಂತಿಯದು ಸಿಕ್ಕರೆ ಜೋಡಿಯಾಗಿರುವ ರಾಗದ ತಂತಿಗಳಲ್ಲಿ ಒಂದನ್ನು ಬಿಚ್ಚಿಡಿ. ಶ್ರುತಿ ಮಾಡುವುದೂ ಬೆರಳಿಡುವುದೂ ಸಲೀಸು.