ಸಿಗರೇಟು ಬಿಡಬೇಕು ಅಂತ ಮೊದಲ ಸಲ ವೇಪ್ ಕೊಳ್ಳುತ್ತಿದ್ದೇನೆ, ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆ ಓದಿದೆ. ಹನ್ನೆರಡು ವರ್ಷದಿಂದ ದಿನಕ್ಕೆ 15 ಸಿಗರೇಟು ಸೇದುತ್ತಿದ್ದೀರಿ. ಎರಡು ಸಲ ಬಿಡಲು ನೋಡಿದ್ದೀರಿ, ಆಗಲಿಲ್ಲ. ಈಗ ವೇಪ್, ಅಂದರೆ ನಿಕೋಟಿನ್ ಇರುವ ಲಿಕ್ವಿಡ್ ಕಾಯಿಸಿ ಅದರ ಆವಿ ಎಳೆಯುವ ಇ-ಸಿಗರೇಟು, ಹಿಡಿಯೋಣ ಅಂದುಕೊಂಡಿದ್ದೀರಿ. ಗೆಳೆಯರೊಬ್ಬರ ಹತ್ತಿರ ಮೋಡದ ಹಾಗೆ ಹೊಗೆ ಬಿಡುವ ದೊಡ್ಡ ಮೆಷಿನ್ ಇದೆ, ಅಂಥದ್ದನ್ನೇ ತಗೊಳ್ಳಲಾ ಎಂದು ಕೇಳಿದ್ದೀರಿ.

ದಯವಿಟ್ಟು ಬೇಡ. ನಾನು ಅದನ್ನೇ ಕೊಂಡು ನಾಲ್ಕು ತಿಂಗಳು ಕಳೆದುಕೊಂಡೆ.

ಮುಂದೆ ಹೇಳುವುದೆಲ್ಲ ಈಗಾಗಲೇ ಸಿಗರೇಟು ಸೇದುವ ದೊಡ್ಡವರಿಗೆ ಮಾತ್ರ. ಸೇದುವ ಅಭ್ಯಾಸವೇ ಇಲ್ಲದವರು, ಅದರಲ್ಲೂ ಚಿಕ್ಕ ವಯಸ್ಸಿನವರು, ಸುಮ್ನೆ ಕುತೂಹಲಕ್ಕೆ ಇದನ್ನು ಮುಟ್ಟಬೇಡಿ. ನಿಕೋಟಿನ್ ಹಿಡಿದುಕೊಂಡರೆ ಬಿಡುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇಲ್ಲದ ಚಟವನ್ನು ಕೊಂಡುಕೊಳ್ಳುವುದು ಬೇಡ.

ನೀವು ಯಾವ ದೇಶದಲ್ಲಿದ್ದೀರಿ ಅಂತ ಬರೆದಿಲ್ಲ, ಹಾಗಾಗಿ ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಭಾರತದಲ್ಲಿ 2019ರಿಂದ ವೇಪ್‌ನ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲಕ್ಕೂ ನಿಷೇಧವಿದೆ. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಿಂದ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ. ಬ್ರಿಟನ್‌ನಲ್ಲಿ 18 ದಾಟಿದವರು ಅಂಗಡಿಯಲ್ಲೇ ಕೊಳ್ಳಬಹುದು. ನಿಷೇಧ ಇರುವ ಕಡೆ ಕದ್ದುಮುಚ್ಚಿ ಬರುವ ಮಾಲಿನಲ್ಲಿ ಏನು ತುಂಬಿದ್ದಾರೆ ಅಂತ ಯಾರೂ ನೋಡಿರುವುದಿಲ್ಲ. ಅಂಥ ಕಡೆ ಇದ್ದರೆ ನನ್ನ ಉತ್ತರವನ್ನು ಇಲ್ಲಿಗೇ ಬಿಡಿ. ಡಾಕ್ಟರ ಹತ್ತಿರ ಹೋಗಿ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ನಿಕೋಟಿನ್ ಚೂಯಿಂಗ್ ಗಮ್, ಸಿಗರೇಟು ಬಿಡಲು ಕೊಡುವ ವರೆನಿಕ್ಲಿನ್ ಮಾತ್ರೆ, ಇವುಗಳ ಬಗ್ಗೆ ಕೇಳಿ. ಪಟ್ಟಿ ಮತ್ತು ಗಮ್ ಎರಡನ್ನೂ ಒಟ್ಟಿಗೆ ಬಳಸಿದರೆ ಒಂದೇ ಬಳಸುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಎಲ್ಲೇ ಇರಲಿ, ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಈಗ ನನ್ನ ಕಥೆ. ಹದಿನಾರು ವರ್ಷ ಸೇದಿದವನು ನಾನು, ಕೊನೆಗೆ ದಿನಕ್ಕೊಂದು ಪ್ಯಾಕು. ಮೊದಲ ಸಲ ಅಂಗಡಿಗೆ ಹೋದಾಗ ಅಲ್ಲಿದ್ದವರು ನಾನು ದಿನಕ್ಕೆ ಎಷ್ಟು ಸೇದುತ್ತೇನೆ ಅಂತ ಕೇಳಲೇ ಇಲ್ಲ. ಕಪಾಟಿನಲ್ಲಿ ಎಲ್ಲಕ್ಕಿಂತ ದೊಡ್ಡದಿದ್ದ 80 ವ್ಯಾಟ್ ಮೆಷಿನ್ ತೆಗೆದರು, ಜೊತೆಗೆ 3 ಮಿಲಿಗ್ರಾಂ ನಿಕೋಟಿನ್ನಿನ ಲಿಕ್ವಿಡ್ ಕೊಟ್ಟರು. ಕೋಣೆ ತುಂಬ ಮೋಡ ಬಂತು. ಆದರೆ ಮೈಗೆ ಬೇಕಾದದ್ದು ಸಿಗಲಿಲ್ಲ. ಊಟ ಆದ ಮೇಲೆ ಅರ್ಧ ಗಂಟೆ ಅದನ್ನೇ ಎಳೆದರೂ ಕೈ ಮತ್ತೆ ಸಿಗರೇಟಿಗೇ ಹೋಗುತ್ತಿತ್ತು. ಹೀಗೆ ನಾಲ್ಕು ತಿಂಗಳು ಎರಡನ್ನೂ ಸೇದಿದೆ. ಎರಡನ್ನೂ ಇಟ್ಟುಕೊಂಡರೆ ಲಾಭ ತೀರಾ ಕಮ್ಮಿ, ಯಾಕೆಂದರೆ ಸುಟ್ಟ ಹೊಗೆ ಎದೆಗೆ ಹೋಗುತ್ತಲೇ ಇರುತ್ತದೆ. ಟಾರ್, ಕಾರ್ಬನ್ ಮೊನಾಕ್ಸೈಡ್ ಎಲ್ಲ ಬರುವುದು ಎಲೆ ಉರಿಯುವುದರಿಂದ. ಆ ಉರಿಯುವುದನ್ನು ನಿಲ್ಲಿಸುವುದಕ್ಕೆ ತಾನೇ ಇಷ್ಟೆಲ್ಲ ಮಾಡುತ್ತಿರುವುದು? ಹಾಗಂತ ವೇಪ್ ನಿರಪಾಯ ಅಂತ ನಾನು ಹೇಳುತ್ತಿಲ್ಲ. ಸಿಗರೇಟಿಗೆ ಹೋಲಿಸಿದರೆ ವಿಷ ತುಂಬ ಕಮ್ಮಿ, ಅಷ್ಟೇ.

ನನ್ನ ತಪ್ಪು ಎಲ್ಲಿತ್ತು ಅಂತ ಆಮೇಲೆ ತಿಳಿಯಿತು. ಎಳೆಯುವುದರಲ್ಲಿ ಎರಡು ಬಗೆ ಇದೆ. ಸಿಗರೇಟಿನಲ್ಲಿ ಮೊದಲು ಬಾಯಿಗೆ ಎಳೆದುಕೊಂಡು ಆಮೇಲೆ ಎದೆಗೆ ತೆಗೆದುಕೊಳ್ಳುತ್ತೀರಿ. ದೊಡ್ಡ ಮೆಷಿನ್‌ನಲ್ಲಿ ಹುಕ್ಕಾದ ಹಾಗೆ ನೇರ ಎದೆಗೇ ಎಳೆಯಬೇಕು. ಹನ್ನೆರಡು ವರ್ಷ ಮೊದಲನೆಯ ಬಗೆ ರೂಢಿಯಾದ ಮೈಗೆ ಎರಡನೆಯದು ಬೇರೆಯೇ ಕೆಲಸ. ಕೊಳ್ಳುವಾಗ ಇದನ್ನು ಗುರುತಿಸುವುದು ಸುಲಭ. ಲಿಕ್ವಿಡ್ ಕಾಯಿಸುವ ತಂತಿಯ ಚಿಕ್ಕ ಭಾಗಕ್ಕೆ ಕಾಯಿಲ್ ಅನ್ನುತ್ತಾರೆ, ಅದರ ಮೇಲೆ ಓಮ್ ಅಂತ ಒಂದು ಸಂಖ್ಯೆ ಇರುತ್ತದೆ. 0.8ರಿಂದ 1.2 ಓಮ್, ಸುಮಾರು 10ರಿಂದ 18 ವ್ಯಾಟ್ ಇದ್ದರೆ ಅದು ಸಿಗರೇಟಿನ ಹಾಗೆ ಬಿಗಿಯಾಗಿ ಎಳೆಯುವಂಥದ್ದು, ನಿಮಗೆ ಬೇಕಾದದ್ದು. 0.2, 0.3 ಅಂತಿದ್ದು ವ್ಯಾಟ್ 40, 60, 80 ಅಂತಿದ್ದರೆ ಅದು ಮೋಡದ ಮೆಷಿನ್. ಅದನ್ನು ಇಟ್ಟುಬಿಡಿ.

ಹೆಸರು ಹಿಡಿದು ಕೇಳಬೇಕಾದರೆ ಪಾಡ್ ಅಂತ ಕೇಳಿ. ಕೈ ಬೆರಳಿನಷ್ಟು ಉದ್ದ, ಒಳಗೊಂದು ಬ್ಯಾಟರಿ, ಮೇಲೆ ಲಿಕ್ವಿಡ್ ತುಂಬುವ ಚಿಕ್ಕ ಡಬ್ಬಿ. ಖಾಲಿಯಾದಾಗ ನೀವೇ ತುಂಬಿಕೊಳ್ಳುವಂಥದ್ದನ್ನು ತಗೊಳ್ಳಿ. ಬ್ಯಾಟರಿ 800ರಿಂದ 1000 ಎಂಎಎಚ್ ಇದ್ದರೆ ಒಳ್ಳೆಯದು, ಅದಕ್ಕಿಂತ ಚಿಕ್ಕದಾದರೆ ಮಧ್ಯಾಹ್ನಕ್ಕೇ ಚಾರ್ಜು ಮುಗಿಯುತ್ತದೆ. ಗಾಳಿ ಬರುವ ತೂತನ್ನು ಹಿರಿದು ಕಿರಿದು ಮಾಡಲು ಬಂದರೆ ಇನ್ನೂ ಒಳ್ಳೆಯದು. ಬಟನ್ ಒತ್ತುವುದಾ, ಎಳೆದರೆ ತಾನೇ ಶುರುವಾಗುವುದಾ ಎನ್ನುವುದು ನಿಮ್ಮ ಇಷ್ಟ. ಬಣ್ಣ, ದೀಪ, ಸ್ಕ್ರೀನ್ ಇವುಗಳಿಗೆ ದುಡ್ಡು ಹಾಕಬೇಡಿ.

ಆ ದುಡ್ಡು ಉಳಿದರೆ ಅದೇ ಪಾಡ್ ಇನ್ನೊಂದು ತಗೊಳ್ಳಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ತಿಂಗಳಲ್ಲಿ ಎಲ್ಲೋ ಹೊರಗಿದ್ದಾಗ ಬ್ಯಾಟರಿ ಸತ್ತರೆ, ಕಾಯಿಲ್ ಸುಟ್ಟರೆ, ಅವತ್ತೇ ಸಿಗರೇಟು ಬಾಯಿಗೆ ಬರುತ್ತದೆ. ಎರಡನೆಯದು ಬ್ಯಾಗಿನಲ್ಲಿರಲಿ, ತುಂಬಿಸಿಯೇ ಇರಲಿ. ಒಂದೆರಡು ಕಾಯಿಲ್ ಕೂಡ ಜೊತೆಗಿರಲಿ.

ಒಂದು ಸಲ ಸೇದಿ ಎಸೆಯುವಂಥವು ಬೇಡ. ಶುರುವಿಗೆ ಸುಲಭ ಅನ್ನಿಸುತ್ತವೆ, ಆದರೆ ಅವುಗಳಲ್ಲಿ ನಿಕೋಟಿನ್ ಅಳತೆಯನ್ನು ನೀವೇ ಹಂತಹಂತವಾಗಿ ಇಳಿಸಲು ಆಗುವುದಿಲ್ಲ. ಪ್ರತಿಯೊಂದರ ಜೊತೆಗೂ ಒಂದು ಲಿಥಿಯಂ ಬ್ಯಾಟರಿ ಕಸಕ್ಕೆ ಹೋಗುತ್ತದೆ. ಬ್ರಿಟನ್ 2025ರ ಜೂನ್ 1ರಿಂದ ಅವುಗಳ ಮಾರಾಟ ನಿಲ್ಲಿಸಿತು.

ಇನ್ನು ನಿಕೋಟಿನ್. ಜನ ಸೋಲುವುದು ಹೆಚ್ಚಾಗಿ ಇಲ್ಲೇ. ಬಾಟಲಿಯ ಮೇಲೆ 20 ಮಿಲಿಗ್ರಾಂ ಅಂತಿದ್ದರೆ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಅಂತ ಅರ್ಥ. ಕೆಲವು ಕಡೆ ಇದನ್ನೇ 2 ಪರ್ಸೆಂಟ್ ಅಂತ ಬರೆಯುತ್ತಾರೆ. 5 ಪರ್ಸೆಂಟ್ ಅಂದರೆ 50 ಮಿಲಿಗ್ರಾಂ, ಕಮ್ಮಿ ಅಂದುಕೊಂಡು ಮೋಸ ಹೋಗಬೇಡಿ. ಯುರೋಪಿನಲ್ಲಿ, ಬ್ರಿಟನ್‌ನಲ್ಲಿ 20ಕ್ಕಿಂತ ಜಾಸ್ತಿ ಮಾರುವ ಹಾಗಿಲ್ಲ. ನಿಮ್ಮ ಲೆಕ್ಕಕ್ಕೂ ಅದೇ ಮಿತಿ ಸಾಕು. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತೀರಾದರೆ ನಿಮ್ಮ ಚಟ ಬಲವಾಗಿದೆ, ದಿನಕ್ಕೆ 15 ಸೇದುವವರು 18ರಿಂದ 20ರಲ್ಲೇ ಶುರು ಮಾಡಿ. ದಿನಕ್ಕೆ ಎಂಟು ಹತ್ತು ಸೇದುವವರಿಗೆ 10 ಅಥವಾ 12 ಸಾಕಾಗಬಹುದು.

ನಿಕೋಟಿನ್ ಸಾಲ್ಟ್ ಅಂತ ಬರೆದಿರುವ ಲಿಕ್ವಿಡ್ ಕೇಳಿ. ಮಾಮೂಲಿ ನಿಕೋಟಿನ್ 20ರ ಮಟ್ಟದಲ್ಲಿ ಗಂಟಲನ್ನು ಕೆರೆದುಬಿಡುತ್ತದೆ. ಸಾಲ್ಟ್‌ನಲ್ಲಿ ಬೆಂಜೋಯಿಕ್ ಆಮ್ಲದಂಥದ್ದನ್ನು ಸೇರಿಸಿರುತ್ತಾರೆ, ಅದರಿಂದ ಅಷ್ಟೇ ನಿಕೋಟಿನ್ ಮೆತ್ತಗೆ ಇಳಿಯುತ್ತದೆ. ಆದರೆ ಇದನ್ನು ಗೆಳೆಯರ ದೊಡ್ಡ ಮೆಷಿನ್‌ಗೆ ಹಾಕಿ ಎಳೆಯಬೇಡಿ. ಒಂದೊಂದು ದಮ್ಮಿಗೂ ಅದು ಎಷ್ಟೋ ಪಟ್ಟು ಜಾಸ್ತಿ ಲಿಕ್ವಿಡ್ ಆವಿ ಮಾಡುತ್ತದೆ. ತಲೆ ಸುತ್ತುವುದು, ವಾಕರಿಕೆ, ಎದೆ ಡವಡವ ಹೊಡೆದುಕೊಳ್ಳುವುದು, ಇವೆಲ್ಲ ನಿಕೋಟಿನ್ ಜಾಸ್ತಿಯಾದ ಗುರುತು. ಹಾಗಾದರೆ ಕೆಳಗಿಡಿ, ನೀರು ಕುಡಿಯಿರಿ, ಮುಂದಿನ ಬಾಟಲಿ ಒಂದು ಮೆಟ್ಟಿಲು ಕೆಳಗಿನದು ತನ್ನಿ. ದಿನವಿಡೀ ಕೈಯಿಂದ ಇಳಿಸಲು ಆಗುತ್ತಿಲ್ಲ, ಆದರೂ ಸಿಗರೇಟು ನೆನಪಾಗುತ್ತಿದೆ ಅಂದರೆ ಕಮ್ಮಿಯಾಗಿದೆ ಅಂತ ಅರ್ಥ. ಶುರುವಿನಲ್ಲೇ ಹೆದರಿ 3 ಅಥವಾ 6 ಹಿಡಿಯುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಅವರಲ್ಲಿ ಹಲವರು ಮತ್ತೆ ಸಿಗರೇಟಿಗೆ ಹೋಗಿರುತ್ತಾರೆ.

ಬಾಟಲಿಯ ಮೇಲೆ ಪಿಜಿ, ವಿಜಿ ಅಂತಲೂ ಇರುತ್ತದೆ. ಪಿಜಿ ಅಂದರೆ ಪ್ರೊಪಿಲೀನ್ ಗ್ಲೈಕಾಲ್, ವಿಜಿಗಿಂತ ತೆಳು, ಗಂಟಲಿಗೆ ತಾಗುವುದು ಅದೇ. ವಿಜಿ ಅಂದರೆ ಗ್ಲಿಸರಿನ್, ಗಟ್ಟಿ, ಮೋಡ ಬರುವುದು ಅದರಿಂದ. ಪಾಡ್‌ಗೆ 50-50 ಇರುವುದನ್ನು ತನ್ನಿ. 70 ಭಾಗ ವಿಜಿ ಇರುವುದು ಚಿಕ್ಕ ಕಾಯಿಲ್‌ನ ಹತ್ತಿಗೆ ಬೇಗ ಇಳಿಯುವುದಿಲ್ಲ.

ಆ ಹತ್ತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಯಿಲ್ ಒಳಗೆ ಇರುವುದು ದೀಪದ ಬತ್ತಿಯಂಥದ್ದೇ. ಲಿಕ್ವಿಡ್ ಹೀರಿಕೊಂಡಿರುವವರೆಗೆ ತಂತಿ ಬಿಸಿಯಾದರೂ ಆವಿ ಬರುತ್ತದೆ. ಒಣಗಿದರೆ ಎಣ್ಣೆ ಆರಿದ ದೀಪದ ಹಾಗೆ ಬತ್ತಿಯೇ ಸುಡುತ್ತದೆ. ಆ ಸುಟ್ಟ ರುಚಿ ಒಂದು ಸಲ ಬಾಯಿಗೆ ಬಂದರೆ ಮರೆಯುವುದಿಲ್ಲ. ಅದು ಬರೀ ರುಚಿಯ ಮಾತಲ್ಲ, ಹಾಗೆ ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡ್‌ನಂಥ ವಿಷ ಜಾಸ್ತಿ ಹುಟ್ಟುತ್ತದೆ. ಹಾಗಾಗಿ ಹೊಸ ಕಾಯಿಲ್ ಹಾಕಿ ತುಂಬಿದ ಮೇಲೆ ಹತ್ತು ನಿಮಿಷ ಸುಮ್ಮನೆ ಇಟ್ಟುಬಿಡಿ. ಲಿಕ್ವಿಡ್ ತಳ ಮುಟ್ಟುವ ಮುಂಚೆಯೇ ತುಂಬಿಸಿ. ಒಂದರ ಹಿಂದೊಂದು ಎಳೆಯದೆ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಸುಟ್ಟ ವಾಸನೆ ಬಂದ ಕೂಡಲೇ ನಿಲ್ಲಿಸಿ, ಕಾಯಿಲ್ ಬದಲಿಸಿ. ಒಂದು ಕಾಯಿಲ್ ಸಾಮಾನ್ಯವಾಗಿ ಒಂದೆರಡು ವಾರ ಬರುತ್ತದೆ, ತುಂಬ ಸಿಹಿ ಲಿಕ್ವಿಡ್ ಹಾಕಿದರೆ ಅಂಟು ಕಟ್ಟಿ ಬೇಗ ಹೋಗುತ್ತದೆ. ಮೆಷಿನ್ ಬೆಲೆ ನೋಡುವಾಗ ಕಾಯಿಲ್ ಬೆಲೆಯನ್ನೂ ಕೇಳಿ, ತಿಂಗಳಾ ತಿಂಗಳಾ ಖರ್ಚು ಬರುವುದು ಅಲ್ಲೇ.

ಎಳೆಯುವ ರೀತಿಯೂ ಬದಲಾಗಬೇಕು. ಸಿಗರೇಟಿನ ಹಾಗೆ ಜೋರಾಗಿ ಎಳೆದರೆ ಲಿಕ್ವಿಡ್ ಬಾಯಿಗೆ ಬರುತ್ತದೆ. ನಿಧಾನವಾಗಿ ಮೂರು ನಾಲ್ಕು ಸೆಕೆಂಡ್ ಎಳೆಯಿರಿ. ನಿಕೋಟಿನ್ ಏರುವುದು ಸಿಗರೇಟಿನಷ್ಟು ಬೇಗ ಅಲ್ಲ, ಐದು ನಿಮಿಷ ತಾಳಿ ನೋಡಿ. ಮೊದಲ ಕೆಲವು ದಿನ ಕೆಮ್ಮು ಬರಬಹುದು, ಬಾಯಿ ಒಣಗುತ್ತದೆ, ನೀರು ಜಾಸ್ತಿ ಕುಡಿಯಿರಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ.

ರುಚಿಯ ಬಗ್ಗೆ ಕೇಳಿದ್ದಿರಿ. ತಂಬಾಕಿನ ರುಚಿಯ ಲಿಕ್ವಿಡ್ ಸಿಗರೇಟಿನ ಹಾಗೆ ಇರುವುದಿಲ್ಲ, ಆದರೂ ನನಗಂತೂ ಅದು ಸಿಗರೇಟನ್ನೇ ನೆನಪಿಸುತ್ತಿತ್ತು. ಪುದೀನದ ರುಚಿ ನನ್ನನ್ನು ಉಳಿಸಿತು. 10 ಮಿಲಿಲೀಟರಿನ ಎರಡು ಮೂರು ಬೇರೆ ಬೇರೆ ಬಾಟಲಿ ತಗೊಂಡು ನೋಡಿ, ದೊಡ್ಡ ಬಾಟಲಿ ಆಮೇಲೆ.

ಲಿಕ್ವಿಡ್ ಎಲ್ಲಿಂದ ಬಂತು ಅನ್ನುವುದರಲ್ಲಿ ಮಾತ್ರ ಒಂಚೂರೂ ರಾಜಿ ಬೇಡ. ಮುಚ್ಚಳದ ಸೀಲು, ಒಳಗಿರುವುದರ ಪಟ್ಟಿ, ಬ್ಯಾಚ್ ನಂಬರ್, ಕೊನೆಯ ತಾರೀಖು ಇಲ್ಲದ್ದನ್ನು ಮುಟ್ಟಬೇಡಿ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿಯ ಲೆಕ್ಕ ಸಿಕ್ಕಿತ್ತು, 68 ಮಂದಿ ಸತ್ತಿದ್ದರು. ಹೆಚ್ಚಿನವರು ಕಳ್ಳಮಾರ್ಗದಲ್ಲಿ ಬಂದ ಗಾಂಜಾ ಸತ್ವದ ಕಾರ್ಟ್ರಿಜ್ ಸೇದಿದ್ದರು. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು ಮುಖ್ಯ ಕಾರಣ ಅಂತ ಗೊತ್ತಾಯಿತು. ಎಣ್ಣೆ ಹೊಟ್ಟೆಗೆ ಹೋದರೆ ಅರಗುತ್ತದೆ, ಶ್ವಾಸಕೋಶಕ್ಕೆ ಹೋದರೆ ಅರಗುವುದಿಲ್ಲ. ಅಡುಗೆಯ ಎಸೆನ್ಸು, ಯಾವುದೇ ಸುವಾಸನೆ ಎಣ್ಣೆ, ಯಾವುದನ್ನೂ ಮನೆಯಲ್ಲಿ ಬೆರೆಸಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ ಬಾಟಲಿ ಬೀಗದೊಳಗೆ ಇರಲಿ. ಹಣ್ಣಿನ ವಾಸನೆ ಇರುವ ದ್ರವ, ಮಗು ಕುಡಿದುಬಿಟ್ಟರೆ ಸ್ವಲ್ಪವೇ ಆದರೂ ಜೀವಕ್ಕೆ ಅಪಾಯ. ಕೈ ಮೇಲೆ ಚೆಲ್ಲಿದರೆ ಕೂಡಲೇ ತೊಳೆಯಿರಿ, ನಿಕೋಟಿನ್ ಚರ್ಮದಿಂದಲೂ ಇಳಿಯುತ್ತದೆ. ಚಾರ್ಜಿಗೆ ಹಾಕಿ ಮಲಗಬೇಡಿ. ವಿಮಾನದಲ್ಲಿ ಹೋಗುವಾಗ ಕೈ ಬ್ಯಾಗಿನಲ್ಲೇ ಇರಬೇಕು, ಲಗೇಜಿಗೆ ಹಾಕುವ ಹಾಗಿಲ್ಲ.

ಇದರಿಂದ ಬಿಡಲು ಆಗುತ್ತದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬ್ರಿಟನ್‌ನಲ್ಲಿ 886 ಜನರ ಮೇಲೆ ನಡೆದ ಒಂದು ಪರೀಕ್ಷೆಯ ಫಲ 2019ರಲ್ಲಿ ಬಂತು. ವರ್ಷ ಕಳೆದಾಗ ವೇಪ್ ಕೊಟ್ಟವರಲ್ಲಿ 18 ಪರ್ಸೆಂಟ್, ಪಟ್ಟಿ, ಗಮ್ ಥರದ್ದು ಕೊಟ್ಟವರಲ್ಲಿ 9.9 ಪರ್ಸೆಂಟ್ ಜನ ಸಿಗರೇಟು ಬಿಟ್ಟಿದ್ದರು. ಅಂದರೆ ವೇಪ್ ಹಿಡಿದವರಲ್ಲೂ ಹೆಚ್ಚಿನವರಿಗೆ ಆ ಸಲ ಆಗಲಿಲ್ಲ, ಆಗದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಮತ್ತೆ ಶುರು ಮಾಡಿ. ಅದರಲ್ಲೇ ಇನ್ನೊಂದು ವಿಷಯವೂ ಇದೆ. ವೇಪ್‌ನಿಂದ ಬಿಟ್ಟವರಲ್ಲಿ 80 ಪರ್ಸೆಂಟ್ ಜನ ವರ್ಷದ ಮೇಲೂ ವೇಪ್ ಸೇದುತ್ತಲೇ ಇದ್ದರು. ಹಾಗಾಗಿ ಇಳಿಯುವ ದಾರಿಯನ್ನು ಕೊಳ್ಳುವ ದಿನವೇ ಯೋಚಿಸಿಡಿ.

ನಾನು ಎರಡನೆಯ ಸಲ ಪಾಡ್ ಕೊಂಡು 20ರಲ್ಲಿ ಶುರು ಮಾಡಿದೆ. ಒಂಬತ್ತನೆಯ ದಿನ ಕೊನೆಯ ಸಿಗರೇಟು. ಮೂರು ತಿಂಗಳು ಅಳತೆ ಮುಟ್ಟಲಿಲ್ಲ, ಸಿಗರೇಟು ಮನಸ್ಸಿನಿಂದ ದೂರ ಆಗಲಿ ಅಂತ ಕಾದೆ. ಆಮೇಲೆ 10, ಆಮೇಲೆ 5, ಆಮೇಲೆ ನಿಕೋಟಿನ್ ಇಲ್ಲದ ಲಿಕ್ವಿಡ್. ಪ್ರತಿ ಇಳಿತಕ್ಕೂ ಎರಡು ಮೂರು ತಿಂಗಳು ಹಿಡಿಯಿತು. 10ರಿಂದ 5ಕ್ಕೆ ಬಂದಾಗ ಒಂದು ವಾರ ನಿದ್ದೆ ಸರಿ ಬರಲಿಲ್ಲ, ಎಲ್ಲರ ಮೇಲೂ ರೇಗುತ್ತಿದ್ದೆ. ಮನೆಯವರಿಗೆ ಮೊದಲೇ ಹೇಳಿಟ್ಟಿದ್ದರಿಂದ ತಡೆದುಕೊಂಡರು.

ನಿಮ್ಮ ಪ್ರಶ್ನೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ? ಅದನ್ನು ಬರೆಯಿರಿ, ಮೊದಲ ಬಾಟಲಿ ಎಷ್ಟರದ್ದು ತರಬೇಕು ಅಂತ ನೋಡೋಣ.