ಕರ್ನಲ್ ಬದಲಾದ ಮೇಲೆ ಪರದೆ ಕತ್ತಲಾದರೆ

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು 24.04 ಎಂಬ ಲಿನಕ್ಸ್ ಇದೆ, ಇರುವುದು ಇಂಟೆಲ್ ಗ್ರಾಫಿಕ್ಸ್ ಮಾತ್ರ. ಅದರ ತಿರುಳಾದ ಕರ್ನಲ್ 6.8ರಿಂದ 6.11ಕ್ಕೆ ಅಪ್‌ಡೇಟ್ ಆದ ಮರುದಿನದಿಂದ, ಆನ್ ಮಾಡಿದಾಗ ಕಂಪನಿಯ ಲಾಂಛನ ಸರಿಯಾಗಿಯೇ ಕಾಣಿಸಿ, ಆಮೇಲೆ ಪರದೆ ಕಪ್ಪಾಗುತ್ತದೆ. ಎಚ್‌ಡಿಎಂಐ ಕೇಬಲಿನಿಂದ ಟಿ.ವಿ.ಗೆ ಜೋಡಿಸಿದರೆ ಚಿತ್ರ ಬರುತ್ತದೆ. ರಿಪೇರಿ ಅಂಗಡಿಯವರು ಪ್ಯಾನೆಲ್ ಹೋಗಿದೆ ಎನ್ನುತ್ತಾರೆ. ಬದಲಾಯಿಸಲೇ?
- ಓದುಗರೊಬ್ಬರು, ಧಾರವಾಡ

ಉತ್ತರ: ಸದ್ಯಕ್ಕೆ ಬೇಡ. ಲಾಂಛನ ಕಾಣಿಸುತ್ತಿದೆ ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರವಿದೆ. ಅಲ್ಲಿಯವರೆಗೆ ಪರದೆಯನ್ನು ನಡೆಸುವುದು ಯಂತ್ರದೊಳಗೇ ಇರುವ ಆರಂಭಿಕ ತಂತ್ರಾಂಶ, ಅಂದರೆ ಫರ್ಮ್‌ವೇರ್. ಅದರ ನಂತರ ಕರ್ನಲ್ಲಿನ ಐ915 ಎಂಬ ಇಂಟೆಲ್ ಡ್ರೈವರ್ ಅದನ್ನು ವಹಿಸಿಕೊಳ್ಳುತ್ತದೆ. ಕೈ ಬದಲಾಗುವ ಹೊತ್ತಿಗೇ ಕತ್ತಲಾಗುತ್ತಿದ್ದರೆ, ಪ್ಯಾನೆಲ್ಲಿಗಿಂತ ಮೊದಲು ಕರ್ನಲ್ಲನ್ನೇ ಸಂಶಯಿಸಬೇಕು.

ಹಳೆಯ ಕರ್ನಲ್ಲನ್ನು ಉಬುಂಟು ಸಾಮಾನ್ಯವಾಗಿ ಅಳಿಸಿರುವುದಿಲ್ಲ. ಲಾಂಛನ ಬಂದ ಕೂಡಲೇ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿ, ಯಾವ ಕರ್ನಲ್ಲಿನಿಂದ ಶುರು ಮಾಡಬೇಕೆಂದು ಆರಿಸುವ ಗ್ರಬ್ ಮೆನು ಬರುತ್ತದೆ. (ಗಾಬರಿಯಲ್ಲಿ ನಾಲ್ಕೈದು ಬಾರಿ ಒತ್ತಿದರೆ ಮೆನುವಿನ ಬದಲು ಬರಿಯ ಗ್ರಬ್ ಪ್ರಾಂಪ್ಟ್ ಬಂದು ಕೂರುತ್ತದೆ, ಯಂತ್ರವನ್ನು ಆರಿಸಿ ಮತ್ತೆ ಪ್ರಯತ್ನಿಸಿದರೆ ಸಾಕು.) ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ 6.8ರ ಸಾಲನ್ನು ಆರಿಸಿ. ಅದರಲ್ಲಿ ಪರದೆ ಬೆಳಗಿದರೆ ಪ್ಯಾನೆಲ್ಲಿಗೆ ಏನೂ ಆಗಿಲ್ಲವೆಂದೇ ತಿಳಿಯಿರಿ.

ಅನಂತರ ಹೊಸ ಕರ್ನಲ್ಲಿನಲ್ಲೇ ಶುರು ಮಾಡಿ, ಕೋಣೆಯ ದೀಪ ಆರಿಸಿ, ಕಪ್ಪು ಪರದೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಲಾಗಿನ್ ಚೌಕ ಮಸುಕಾಗಿ ಕಂಡರೆ ಚಿತ್ರ ಮೂಡುತ್ತಿದೆ, ಹಿಂಬದಿಯ ದೀಪ ಮಾತ್ರ ಹೊತ್ತುತ್ತಿಲ್ಲ ಎಂದರ್ಥ. ಮೊದಲು ಬ್ರೈಟ್‌ನೆಸ್ ಹೆಚ್ಚಿಸುವ ಕೀಲಿಯನ್ನು ಒತ್ತಿ ನೋಡಿ. ಎಷ್ಟೋ ಸಲ ದೋಷ ಅಷ್ಟೇ ಇರುತ್ತದೆ. ಫಲ ಸಿಗದಿದ್ದರೆ ಗ್ರಬ್ ಮೆನುವಿನಲ್ಲಿ ಹೊಸ ಕರ್ನಲ್ಲಿನ ಮೇಲೆ ನಿಂತು ಇ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್ (acpi_backlight=native) ಎಂದು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಸೇರಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರವಾದ್ದರಿಂದ ಕೆಡುವ ಭಯವಿಲ್ಲ. ಚಿತ್ರವೇ ಕಾಣದಿದ್ದರೆ, ಅಥವಾ ಮಿಣುಕುತ್ತಿದ್ದರೆ, ಅದೇ ಜಾಗದಲ್ಲಿ ಐ915.ಎನೇಬಲ್_ಪಿಎಸ್ಆರ್=0 (i915.enable_psr=0, ಪರದೆಯ ಒಂದು ವಿದ್ಯುತ್ ಉಳಿತಾಯದ ಸೌಲಭ್ಯವನ್ನು ನಿಲ್ಲಿಸುವ ಸೂಚನೆ) ಎಂದು ಹಾಕಿ ನೋಡಬಹುದು.

ಕರ್ನಲ್ ದೋಷದಿಂದ ಪ್ಯಾನೆಲ್ ಕೆಡುವುದೇ ಇಲ್ಲ ಎಂದು ಮಾತ್ರ ನಾನು ಹೇಳಲಾರೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ 5.19.12ರಲ್ಲಿ, ಪ್ಯಾನೆಲ್ಲಿಗೆ ವಿದ್ಯುತ್ ಕೊಡುವ ಮತ್ತು ತೆಗೆಯುವ ನಡುವಣ ವಿಳಂಬದ ಲೆಕ್ಕವೇ ತಪ್ಪಿ, ಕೆಲವು ಇಂಟೆಲ್ ಲ್ಯಾಪ್‌ಟಾಪುಗಳ ಪರದೆ ಬೆಳ್ಳಗೆ ಮಿನುಗತೊಡಗಿತ್ತು. ಇದರಿಂದ ಪ್ಯಾನೆಲ್ ಹಾಳಾಗಬಹುದೆಂದು ಇಂಟೆಲ್ಲಿನ ಎಂಜಿನಿಯರೇ ಎಚ್ಚರಿಸಿದ್ದರು. ಒಂದು ವಾರದಲ್ಲಿ 5.19.13 ಬಂದು ಅದನ್ನು ಸರಿಪಡಿಸಿತು. ಹೀಗಾಗಿ ಪರದೆ ಬೆಳ್ಳಗೆ ಮಿನುಗುವುದು ಕಂಡರೆ ಪ್ರಯೋಗಕ್ಕೆ ಇಳಿಯದೆ ಕೂಡಲೇ ಆರಿಸಿಬಿಡಿ.

6.8ರಲ್ಲೂ ಕತ್ತಲೆಯೇ ಆದರೆ ಯುಎಸ್‌ಬಿಯಿಂದ ಬೇರೊಂದು ಲಿನಕ್ಸ್ ನಡೆಸಿ ನೋಡಿ. ಅಂಗಡಿಗೆ ಹೋಗುವುದು ಅದಾದ ಮೇಲೆ. 6.8 ಸರಿಯಿದ್ದರೆ ತಿದ್ದುಪಡಿ ಬರುವವರೆಗೆ ಅದರಲ್ಲೇ ಇರಬಹುದು, ಆದರೆ ತಿಂಗಳುಗಟ್ಟಲೆ ಬೇಡ, ಭದ್ರತೆಯ ಅಪ್‌ಡೇಟುಗಳು ತಪ್ಪಿಹೋಗಬಹುದು. ಟಿ.ವಿ. ಜೋಡಿಸಿಕೊಂಡು ಹೊಸ ಕರ್ನಲ್ಲಿನಲ್ಲಿರುವಾಗಲೇ ಟರ್ಮಿನಲ್ಲಿನಲ್ಲಿ ಉಬುಂಟು-ಬಗ್ ಲಿನಕ್ಸ್ (ubuntu-bug linux) ಎಂಬ ಆಜ್ಞೆ ಕೊಟ್ಟರೆ, ಬೇಕಾದ ದಾಖಲೆಗಳನ್ನು ಅದೇ ಕಲೆಹಾಕಿ ದೂರಿನ ಜೊತೆ ಸೇರಿಸುತ್ತದೆ.